ಬರ್ತೀನಿ ಮೀಮಾಂಸೆ

ಶಾಸ್ತ್ರ ಬರೆಯ ಹೊರಟವನು ಮೊದಲು ನಾಲ್ಕು ಅನುಬಂಧಗಳನ್ನು ಹೇಳಬೇಕೆಂಬ ಕಟ್ಟಳೆಯಿದೆ: ವಿಷಯ, ಅಧಿಕಾರಿ, ಪ್ರಯೋಜನ, ಸಂಬಂಧ. ಹೇಳಿಬಿಡುತ್ತೇನೆ. ಬೋರ್ಡ್ ಗೇಮ್ ಮಾರುವ ಅಂಗಡಿಯೊಂದರಲ್ಲಿ ಭಾನುವಾರ ಹದಿನೈದು ಜನರನ್ನು ಮೂರು ಮೇಜುಗಳ ಸುತ್ತ ಕೂರಿಸಿ ರೋಲ್ ಪ್ಲೇಯಿಂಗ್ ಗೇಮ್ ಆಡಿಸುವುದು ಇಲ್ಲಿಯ ವಿಷಯ. ಭಾನುವಾರ ಇವನಿಂದ ಮನೆಯಲ್ಲಿ ಯಾವ ಕೆಲಸವೂ ಆಗುವುದಿಲ್ಲವೆಂದು ಯಾರ ಮನೆಯವರಿಗೆ ಮನವರಿಕೆಯಾಗಿದೆಯೋ ಅವನೇ ಅಧಿಕಾರಿ. ಪ್ರಯೋಜನ ಏನೂ ಇಲ್ಲ. ಈ ಮೂರಕ್ಕೆ ಒಂದಕ್ಕೊಂದು ಏನಾದರೂ ಇದ್ದರೆ ಅದು ಸಂಬಂಧ.

ಇನ್ನು ಲಕ್ಷಣ. ಮೇಜಿನ ತುದಿಯಲ್ಲಿ ಒಬ್ಬ ಕೂತು ಕಥೆ ಹೇಳುತ್ತಾನೆ. ಅವನಿಗೆ ಜಿಎಂ ಎಂದು ಹೆಸರು, ಸಂಪ್ರದಾಯಸ್ಥರು ಡಿಎಂ ಅಂದರೆ ಡಂಜನ್ ಮಾಸ್ಟರ್ ಎನ್ನುತ್ತಾರೆ. ಉಳಿದ ನಾಲ್ಕೈದು ಜನ ಒಂದೊಂದು ಪಾತ್ರವಾಗಿ, ‘ನಾನು ಬಾಗಿಲು ಒದೀತೀನಿ’ ಎಂದೋ ‘ರಾಕ್ಷಸನ ಹತ್ರ ಚೌಕಾಸಿ ಮಾಡ್ತೀನಿ’ ಎಂದೋ ಹೇಳುತ್ತಾರೆ. ಬಾಗಿಲು ಮುರಿಯಿತೋ ಕಾಲು ಮುರಿಯಿತೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಗೆದ್ದವರು ಯಾರು ಎಂದು ಕೇಳಬಾರದು. ಹಾಗೆ ಕೇಳಿದವರನ್ನು ಕೇರಂ ಬೋರ್ಡಿನ ಕಡೆ ಕಳಿಸುವುದು ರೂಢಿ.

ಈ ಆಟದ ಮೂಲದ ಬಗ್ಗೆ ಎರಡು ಪಕ್ಷಗಳಿವೆ. ಪಾಶ್ಚಾತ್ಯ ಪಕ್ಷದ ಪ್ರಕಾರ 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಊರಿನಿಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹೊರಬಂತು. ಕರ್ತೃಗಳು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಒಂದು ಡಬ್ಬಿ, ಒಳಗೆ ಮೂರು ಪುಸ್ತಿಕೆ, ಮೊದಲ ಮುದ್ರಣ 1000 ಪ್ರತಿ. ಈ ಸಾವಿರದ ಸಂಖ್ಯೆಯನ್ನು ಕಂಡರೆ ಕನ್ನಡ ಪ್ರಕಾಶಕರಿಗೆ ಕರುಳು ಚುರುಕ್ ಎನ್ನದಿರದು. ವ್ಯತ್ಯಾಸವಿಷ್ಟೇ, ಆ ಸಾವಿರ ಖರ್ಚಾಯಿತು. ಇಪ್ಪತ್ತು ಮುಖದ ದಾಳವನ್ನು ಅವರು ಆಗ ಶಾಲೆಗಳಿಗೆ ಪಾಠೋಪಕರಣ ಮಾರುವವರಿಂದ ತರಿಸಿದ್ದರು. ಗಣಿತದ ಮೇಷ್ಟರ ಪೆಟ್ಟಿಗೆಯಿಂದ ಎದ್ದು ಬಂದ ಡ್ರ್ಯಾಗನ್ ಇದು. ಕಥೆ ಹೇಳುವವನ ವಂಶವನ್ನು ಇನ್ನೂ ಹಿಂದಕ್ಕೆ ಹಿಡಿದರೆ 1824ರ ಪ್ರಷ್ಯಾ ಸಿಗುತ್ತದೆ. ಅಲ್ಲಿಯ ಸೇನಾಧಿಕಾರಿಗಳು ನಕ್ಷೆಯ ಮೇಲೆ ಯುದ್ಧದ ಆಟ ಆಡುವಾಗ ಪಂಚಾಯ್ತಿಗೆ ಒಬ್ಬನನ್ನು ನಡುವೆ ಕೂರಿಸುತ್ತಿದ್ದರು. ನಮ್ಮ ಜಿಎಂ ಅವನ ಮರಿಮಗ.

ದೇಶೀಯ ಪಕ್ಷದವರು ಇದನ್ನೆಲ್ಲ ಒಪ್ಪುವುದಿಲ್ಲ. ವಿಮಾನದಿಂದ ಹಿಡಿದು ಪ್ಲಾಸ್ಟಿಕ್ ಸರ್ಜರಿಯವರೆಗೆ ಎಲ್ಲವೂ ನಮ್ಮಲ್ಲಿತ್ತು ಎನ್ನುವವರು ಈ ಒಂದನ್ನು ಬಿಟ್ಟಾರೆಯೇ? ಅವರ ಮೊದಲ ಸಾಕ್ಷಿ ಶಕುನಿ. ಈ ಸಾಕ್ಷಿ ನಿಲ್ಲದು. ಸಭೆಯಲ್ಲಿ ದಾಳವಿತ್ತು, ಪಾತ್ರ ಇರಲಿಲ್ಲ. ಸೋತವರು ತಮ್ಮ ಹೆಸರಿನಲ್ಲೇ ಸೋತರು. ಎರಡನೆಯ ಸಾಕ್ಷಿ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು, ಹೊಸ ಹೊಸ ಮಣೆಯಾಟಗಳನ್ನು ಕಟ್ಟಿದ ದೊರೆ. ಅವರ ಬಗ್ಗೆ ಗೌರವವಿಟ್ಟುಕೊಂಡೇ ಹೇಳಬೇಕು, ಆ ಮಣೆಗಳಲ್ಲಿ ಕಾಯಿ ನಡೆಯುತ್ತದೆ, ಮಾತಾಡುವುದಿಲ್ಲ.

ಆದರೆ ಮೂರನೆಯ ಸಾಕ್ಷಿ ವಿರಾಟಪರ್ವ. ಇದರ ಮುಂದೆ ಯಾವ ವಿದ್ವಾಂಸನೂ ಅರೆಗಳಿಗೆ ಬೆವರಬೇಕು. ಆಟಗಾರರು ಆರು ಜನ. ಒಬ್ಬೊಬ್ಬರಿಗೂ ಹೊಸ ಹೆಸರು, ಹೊಸ ವೇಷ, ಹೊಸ ಕಸುಬು. ಭೀಮ ಅಡುಗೆಯ ವಲಲನಾದ, ಅರ್ಜುನ ನಾಟ್ಯ ಕಲಿಸುವ ಬೃಹನ್ನಳೆಯಾದ, ಅವಳಿಗಳು ಕುದುರೆ ಲಾಯವನ್ನೂ ದನದ ಕೊಟ್ಟಿಗೆಯನ್ನೂ ಹಂಚಿಕೊಂಡರು, ದ್ರೌಪದಿ ಸೈರಂಧ್ರಿಯಾದಳು. ದಾಳದಲ್ಲಿ ರಾಜ್ಯ ಕಳೆದ ಧರ್ಮರಾಯನೋ, ಕಂಕನೆಂದು ಹೆಸರಿಟ್ಟುಕೊಂಡು ಮತ್ತೆ ದಾಳ ಹಾಕುವ ಕೆಲಸವನ್ನೇ ಆಯ್ದುಕೊಂಡ. ಇಂಥವನು ಪ್ರತಿ ಮೇಜಿನಲ್ಲೂ ಒಬ್ಬ ಇರುತ್ತಾನೆ. ಆಟದ ಅವಧಿ ಒಂದು ವರ್ಷ. ಗುರುತು ಸಿಕ್ಕರೆ ಮತ್ತೆ 12 ವರ್ಷ ಕಾಡು. ಇಷ್ಟು ಚೊಕ್ಕವಾದ ನಿಯಮಾವಳಿ ಲೇಕ್ ಜಿನೀವಾದವರಿಗೂ ಹೊಳೆಯಲಿಲ್ಲ. ವಾದದಲ್ಲಿ ದೋಷ ಒಂದೇ. ಆರೂ ಜನ ಮೊದಲ ದಿನವೇ ಬಂದರು, ವರ್ಷ ತುಂಬುವವರೆಗೆ ಒಬ್ಬರೂ ತಪ್ಪಿಸಲಿಲ್ಲ. ಹೀಗೆ ನಡೆದ ಆಟ ಲೋಕದಲ್ಲಿ ಇನ್ನೊಂದಿಲ್ಲವಾದ್ದರಿಂದ ಅದನ್ನು ಕಾವ್ಯವೆಂದೇ ತಿಳಿಯತಕ್ಕದ್ದು.

ಕರಾವಳಿಯ ಕಡೆಯವರೊಬ್ಬರು ಅರ್ಧ ಗಂಟೆ ನಮ್ಮ ಮೇಜಿನ ಬಳಿ ನಿಂತು ನೋಡಿ, ‘ಇದು ತಾಳಮದ್ದಳೆಯೇ ಅಲ್ವಾ ಮಾರಾಯ್ರೆ, ಮದ್ದಳೆ ಎಲ್ಲುಂಟು?’ ಎಂದು ಕೇಳಿದರು. ಈ ಶಾಸ್ತ್ರದಲ್ಲಿ ಇದುವರೆಗೆ ಬಂದ ಆಕ್ಷೇಪಗಳಲ್ಲಿ ತೂಕದ್ದು ಇದೊಂದೇ. ವೇಷವಿಲ್ಲದೆ ಕೂತಲ್ಲೇ ಕೂತು ಒಬ್ಬರು ಕರ್ಣ, ಒಬ್ಬರು ಶಲ್ಯ ಆಗುವುದು, ಮಾತನ್ನು ಆ ಕ್ಷಣಕ್ಕೆ ಹುಟ್ಟಿಸುವುದು, ಭಾಗವತರು ಕಥೆಯ ಲಗಾಮು ಹಿಡಿದಿರುವುದು, ಎಲ್ಲವೂ ಹೌದು. ಆದರೆ ತಾಳಮದ್ದಳೆಯಲ್ಲಿ ಅರ್ಥಧಾರಿ ಎಷ್ಟೇ ವಾದಿಸಿದರೂ ಕೊನೆಗೆ ವಾಲಿ ಸಾಯಲೇಬೇಕು. ನಮ್ಮಲ್ಲಿ ವಾಲಿಗೆ ಇಪ್ಪತ್ತು ಬಿದ್ದರೆ ಅವನು ಮರದ ಹಿಂದೆ ಅಡಗಿದವನನ್ನು ಕಂಡುಬಿಡುತ್ತಾನೆ, ಭಾಗವತರು ಪ್ರಸಂಗದ ಪುಸ್ತಕ ಮುಚ್ಚಿಟ್ಟು ತಲೆ ಕೆರೆದುಕೊಳ್ಳಬೇಕು.

ಅಂಗಡಿಯೇ ಏಕೆ? ಮನೆಯಲ್ಲಿ ಆಡಿದರೆ ನಾಲ್ಕು ಗಂಟೆ ಹೊತ್ತು ‘ನಾನು ಸತ್ತೆ’, ‘ಅವಳನ್ನ ಕಟ್ಟಿಹಾಕಿ’ ಎಂಬ ಕೂಗು ಕೇಳಿ ಪಕ್ಕದ ಮನೆಯವರು ಬಾಗಿಲು ತಟ್ಟುತ್ತಾರೆ. ಹೋಟೆಲಿನಲ್ಲಿ ಒಂದು ಕಾಫಿಗೆ ಅಷ್ಟು ಹೊತ್ತು ಮೇಜು ಹಿಡಿದರೆ ಸಪ್ಲೈಯರ್ ಬಂದು ಅದೇ ಮೇಜನ್ನು ಐದು ಸಲ ಒರೆಸುತ್ತಾನೆ. ಅಂಗಡಿಯೇ ಸರಿ ಎಂಬುದಕ್ಕೆ ಲೋಕದ ಒಪ್ಪಿಗೆಯೂ ಇದೆ. 2007ರಿಂದ ‘ಫ್ರೀ ಆರ್‌ಪಿಜಿ ಡೇ’ ಎಂಬ ದಿನ ನಡೆದುಬಂದಿದೆ, ಅಂದು ಪ್ರಕಾಶಕರು ಮಾಡಿಸಿದ ಪುಸ್ತಿಕೆಗಳನ್ನು ಆಟದ ಅಂಗಡಿಗಳು ಬಂದವರಿಗೆ ಪುಕ್ಕಟೆ ಹಂಚುತ್ತವೆ. ನಮ್ಮ ಅಂಗಡಿ ಬೆಂಗಳೂರಿನ ದಕ್ಷಿಣ ಭಾಗದಲ್ಲಿ, ಒಂದು ದರ್ಶಿನಿಯ ಮೇಲಿನ ಮಹಡಿಯಲ್ಲಿದೆ. ಯಜಮಾನರು ಆಟ ಆಡುವವರಲ್ಲ. ಆದರೂ ಒಂದು ಪರಮಸತ್ಯ ಕಂಡುಕೊಂಡಿದ್ದಾರೆ: ಮೂರು ಸಲ ಸತತವಾಗಿ ಒಂದು ಬಿದ್ದವನು ತನ್ನ ಹಣೆಬರಹವನ್ನು ಶಂಕಿಸುವುದಿಲ್ಲ, ದಾಳವನ್ನು ಶಂಕಿಸುತ್ತಾನೆ. ಎದ್ದು ಹೋಗಿ ಏಳು ದಾಳದ ಹೊಸ ಸೆಟ್ ಕೊಳ್ಳುತ್ತಾನೆ. ಮೂರು ಮೇಜನ್ನು ಅವರು ಬಾಡಿಗೆಯಿಲ್ಲದೆ ಕೊಟ್ಟಿರುವುದು ಈ ಜ್ಞಾನದಿಂದ.

ಕ್ಯಾರೆಕ್ಟರ್ ಶೀಟ್ ಎಂಬುದು ಜಾತಕ. ಅದನ್ನು ಮೊದಲೇ ಬರೆದಿಡಬೇಕು. ಹೊಸಬರ ಕೈಲಿ ಬರೆಸ ಹೊರಟರೆ ಊಟದ ಹೊತ್ತಿಗೂ ಡ್ರ್ಯಾಗನ್ ಗುಹೆಯಿಂದ ಆಚೆ ಬಂದಿರುವುದಿಲ್ಲ. ಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು ಎಂದು ಆರು ಮನೆ, ಆರು ಅಂಕಿ. ಬುದ್ಧಿ ಬೇರೆ, ವಿವೇಕ ಬೇರೆ ಎಂದು ಒಪ್ಪಿಕೊಂಡ ಜಾತಕ ಲೋಕದಲ್ಲಿ ಇದೊಂದೇ. ತಿಂಡಿಯ ವಿಚಾರದಲ್ಲಿ ಕೆಳಗಿನ ದರ್ಶಿನಿಯ ಬೋಂಡ ನಿಷಿದ್ಧ. ಎಣ್ಣೆ ಹತ್ತಿದ ಜಾತಕದಲ್ಲಿ ಬಲ 8 ಇದ್ದದ್ದು 18 ಎಂದು ಓದಿಸಿಕೊಂಡ ಪಾಠಾಂತರ ನಮ್ಮಲ್ಲಿ ದಾಖಲಾಗಿದೆ. ಆ ಲಿಪಿಕಾರ ಇದುವರೆಗೂ ತಪ್ಪೊಪ್ಪಿಕೊಂಡಿಲ್ಲ.

ಇಲ್ಲಿಯವರೆಗೆ ಪೀಠಿಕೆ. ಗ್ರಂಥದ ಹೃದಯ ಒಂದು ಶಬ್ದದಲ್ಲಿದೆ. ಆ ಶಬ್ದ ‘ಬರ್ತೀನಿ’.

ಹೆಸರು ಬರೆಸಿದ ಹದಿನೈದೂ ಜನ ಹೇಳಿದ್ದು ಇದನ್ನೇ. ರೂಪದಲ್ಲಿ ವರ್ತಮಾನ, ಆಡುವಾಗ ಭವಿಷ್ಯತ್ತು. ಆದರೆ ಶಾಲೆಯ ವ್ಯಾಕರಣದಲ್ಲಿ ಸಂಭಾವನಾರ್ಥಕ ಎಂದು ಇನ್ನೊಂದಿದೆ, ‘ಬಂದೇನು’ ಎಂಬ ಹಾಗೆ, ಬಂದರೂ ಬರಬಹುದು ಎಂಬ ಅರ್ಥದ್ದು. ಭಾನುವಾರ ಬೆಳಗ್ಗೆ ಒಂಬತ್ತರವರೆಗೆ ‘ಬರ್ತೀನಿ’ಗೆ ಈ ಅರ್ಥ. ಹನ್ನೊಂದು ಗಂಟೆಗೆ ಅದು ತಾನಾಗಿಯೇ ನಿಷೇಧಾರ್ಥಕವಾಗಿ ‘ಬಾರೆನು’ ಎಂದಾಗುತ್ತದೆ. ಮನೆಯಿಂದ ಹೊರಡುವಾಗ, ನೆಂಟರನ್ನು ಬೀಳ್ಕೊಳ್ಳುವಾಗ, ‘ಹೋಗ್ತೀನಿ’ ಎನ್ನುವುದು ಅಶುಭವೆಂದು ನಾವು ‘ಬರ್ತೀನಿ’ ಎಂದೇ ಅಲ್ಲವೇ ಹೇಳುವುದು? ಆ ಮಾತು ಹೇಳಿದವರೆಲ್ಲ ಬೆನ್ನು ತಿರುಗಿಸಿ ನಡೆದವರೇ. ನಮ್ಮ ಹದಿನೈದು ಜನ ಸುಳ್ಳು ಹೇಳಿರಲಿಲ್ಲ. ಬೀಳ್ಕೊಂಡಿದ್ದರು, ನನಗೆ ತಿಳಿಯಲಿಲ್ಲ.

ಫೋನ್ ಮಾಡಿದರೆ ಸಿಗುವುದು ‘ಬಂದೆ, ಬಂದೆ’. ಇದು ಭೂತಕಾಲ. ಹಿಂದೆ ಬಕೆಟ್ಟಿಗೆ ನೀರು ಬೀಳುವ ಸದ್ದು. ವೈಯಾಕರಣರು ಇದನ್ನು ಕಾಲಪಲ್ಲಟ ಎನ್ನುತ್ತಾರೆ.

ಗಣಿತದ ಆಧಾರವೂ ಇದೆ. ಪ್ರತಿಯೊಬ್ಬನೂ ಐದರಲ್ಲಿ ನಾಲ್ಕು ಸಲ ಮಾತು ಉಳಿಸಿಕೊಳ್ಳುವ ಸಜ್ಜನನೆಂದೇ ಇಟ್ಟುಕೊಳ್ಳೋಣ. ಆಗಲೂ ಒಂದು ಮೇಜಿನ ಐವರೂ ಬರುವ ಸಂಭವ ನೂರಕ್ಕೆ 33 ಮುಟ್ಟುವುದಿಲ್ಲ. ಮೂರೂ ಮೇಜು ತುಂಬಿ ಹದಿನೈದೂ ಜನ ಬರುವುದು ನೂರಕ್ಕೆ 4ಕ್ಕಿಂತ ಕಡಿಮೆ. ಇಪ್ಪತ್ತು ಮುಖದ ದಾಳದಲ್ಲಿ ಇಪ್ಪತ್ತು ಬೀಳುವುದು ನೂರಕ್ಕೆ 5. ಎಂದರೆ ಡ್ರ್ಯಾಗನ್ನಿನ ಕಣ್ಣಿಗೆ ಒಂದೇ ಏಟಿಗೆ ಬಾಣ ಹೊಡೆಯುವುದು ಸುಲಭ, ಹದಿನೈದು ಕುರ್ಚಿ ತುಂಬಿಸುವುದು ಕಷ್ಟ.

ಮೊದಲ ಭಾನುವಾರ ಬಂದವರು ಒಂಬತ್ತು. ಖಂಡಿತ ಆಗಲ್ಲ, ಬರಲ್ಲ, ಎಂದು ಕಡ್ಡಿ ಮುರಿದಂತೆ ಹೇಳಿದ್ದವರೊಬ್ಬರು ಮಾತ್ರ ಹತ್ತು ಗಂಟೆಗೇ ಶಟರ್ ಮುಂದೆ ನಿಂತಿದ್ದರು. ಈ ಲೆಕ್ಕಕ್ಕೆ ಸೇರದ ಅವರನ್ನು ಪಕ್ಕಕ್ಕಿಟ್ಟು ತ್ರೈರಾಶಿಕ ಹಾಕಿದೆ: ಹದಿನೈದಕ್ಕೆ ಒಂಬತ್ತಾದರೆ, ಹದಿನೈದು ಬರಲು ಎಷ್ಟು ಹೆಸರು ಬೇಕು? ಇಪ್ಪತ್ತೈದು. ಮುಂದಿನ ತಿಂಗಳು ಇಪ್ಪತ್ತೈದು ಹೆಸರು ಬರೆದುಕೊಂಡೆ. ಆ ಭಾನುವಾರ ಬೆಳಗ್ಗೆಯಿಂದ ಇಡೀ ಬಡಾವಣೆಗೆ ಕರೆಂಟ್ ಇಲ್ಲ. ಮನೆಗಳಲ್ಲಿ ವೈಫೈ ಸತ್ತಿತ್ತು, ಅಂಗಡಿಯಲ್ಲಿ ಯುಪಿಎಸ್ ಇತ್ತು. ಇಪ್ಪತ್ತೈದೂ ಜನ ಬಂದರು. ಕೆಲವರು ಭಾವಮೈದನನ್ನೂ ಕರೆತಂದಿದ್ದರು. ಕುರ್ಚಿ ಕೇಳಲು ಕೆಳಗಿನ ದರ್ಶಿನಿಗೆ ಓಡಿದೆ. ದರ್ಶಿನಿಯಲ್ಲಿ ಕುರ್ಚಿ ಇರುವುದಿಲ್ಲ ಎಂಬುದು ಕ್ಯಾಶ್ ಕೌಂಟರಿನ ಮುಂದೆ ನಿಂತ ಮೇಲೆ ನೆನಪಾಯಿತು. ಬರಿಗೈಲಿ ಬರಬಾರದೆಂದು ಬೈಟು ಕಾಫಿ ತಂದೆ.

ಅಂದು ಹತ್ತು ಜನ ನೆಲದ ಮೇಲೆ ಜಮಖಾನ ಹಾಸಿಕೊಂಡು ಆಡಿದರು. ಕರಾವಳಿಯವರು ಅವರ ನಡುವೆ ಕೂತು ಜಿಎಂ ಆದರು. ಮೂರು ಮೇಜಿನವರು ಆಟ ಬಿಟ್ಟು ಅವರ ಮಾತು ಕೇಳುತ್ತ ನಿಂತಿದ್ದರಿಂದ ಅಂದಿನ ಡ್ರ್ಯಾಗನ್ ಇನ್ನೂ ಬದುಕಿದೆ.

ಆದಕಾರಣ ಇದನ್ನು ಓದುತ್ತಿರುವ ಸಹೃದಯರಲ್ಲಿ ವಿನಂತಿ. ಮುಂದಿನ ಆಟ ಬರುವ ತಿಂಗಳ ಮೂರನೆಯ ಭಾನುವಾರ, ಬೆಳಗ್ಗೆ ಹತ್ತೂವರೆಗೆ. ಪೆನ್ಸಿಲ್ ತನ್ನಿ, ಸಾಧ್ಯವಾದರೆ ಮಡಿಸುವ ಕುರ್ಚಿ ತನ್ನಿ. ಫೋನ್ ಮಾಡಿದಾಗ ಮಾತ್ರ ದಯವಿಟ್ಟು ‘ಬರಲ್ಲ’ ಅಂತ ಹೇಳಿ.