ಓಡೂ ಸಾಹೇಬ್ರು

ಬೆಂಗಳೂರಿನ ಪಾರ್ಕಿನಲ್ಲಿ ಐವತ್ತರ ಗಂಡಸು ಚಡ್ಡಿ ಹಾಕಿಕೊಂಡು ಓಡಿದರೆ ಯಾರೂ ಕತ್ತೆತ್ತಿ ನೋಡುವುದಿಲ್ಲ. ನವಲಗುಂದ ತಾಲ್ಲೂಕಿನ ಹಳ್ಳಿಯಲ್ಲಿ ಓಡುವುದಕ್ಕೆ ಕಾರಣ ಬೇಕು. ಎಮ್ಮೆ ಹಗ್ಗ ಹರಿದುಕೊಂಡಿರಬೇಕು, ಬಸ್ಸು ಬಿಡುತ್ತಿರಬೇಕು, ಇಲ್ಲವೇ ಯಾರಾದರೂ ಬೆನ್ನಟ್ಟಿರಬೇಕು. ಕಂಪನಿಯಿಂದ ಒಂದು ವರ್ಷ ರಜೆ ಪಡೆದು, ಮೈ ಬೆವರಿಸುವ ಹಟ ತೊಟ್ಟು ನಾನು ಹುಟ್ಟೂರಿಗೆ ಬಂದಾಗ, ವರ್ಷದ ರಜೆ ಅಂದರೆ ಸಸ್ಪೆಂಡೇ ಎಂದು ಊರು ಆಗಲೇ ತೀರ್ಮಾನಿಸಿತ್ತು. ಬೆಳಗಾಗೆದ್ದು ಓಡತೊಡಗಿದ ಮೇಲೆ ಅದಕ್ಕೆ ಪುರಾವೆಯೂ ಸಿಕ್ಕಿತು.

ಬೈಕಿನವರು ಪಕ್ಕಕ್ಕೆ ಬಂದು ನಿಲ್ಲಿಸುತ್ತಿದ್ದರು.

"ಎಲ್ಲಿಗ್ರೀ ಸಾಹೇಬ್ರ? ಹತ್ತ್ರಿ."

"ಎಲ್ಲಿಗೂ ಇಲ್ಲಪಾ, ಸುಮ್ನ ಓಡಾಕತ್ತೀನಿ."

"ನಾಚಬ್ಯಾಡ್ರಿ. ಪೆಟ್ರೋಲ್ ರೊಕ್ಕ ಏನ್ ಕೇಳಂಗಿಲ್ಲ."

ಇವರ ಉಪಚಾರ ತಾಳಲಾರದೆ ಹೊಲದ ದಾರಿ ಹಿಡಿದೆ. ಆಗಷ್ಟೇ ಮುಂಗಾರಿ ಮಳೆ ಬಿದ್ದಿತ್ತು. ನಮ್ಮದು ಎರಿ ನೆಲ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ನೀರು ಕುಡಿದರೆ ಉಬ್ಬಿ ಅಂಟಾಗುತ್ತದೆ. ಹೀರಿದ ತೇವವನ್ನು ಅದು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಹಿಂಗಾರಿಯಲ್ಲಿ ಕಡಲೆ, ಬಿಳಿಜೋಳ ಬರುವುದು ಆ ಜಿಪುಣತನದಿಂದಲೇ. ಬೂಟನ್ನೂ ಬಿಟ್ಟುಕೊಡುವುದಿಲ್ಲ. ಮೊದಲು ಅಟ್ಟೆಗೆ ತೆಳ್ಳಗೆ ಮೆತ್ತಿತು. ಆಮೇಲೆ ಮಣ್ಣಿಗೆ ಮಣ್ಣು ಹತ್ತಿ, ಹೆಜ್ಜೆಗೊಂದು ಪದರು ಏರಿ, ನಾಲ್ಕು ಮಾರು ಹೋಗುವಷ್ಟರಲ್ಲಿ ನಾನು ಗೇಣು ಎತ್ತರವಾಗಿದ್ದೆ. ಕಾಲಿಗೆ ಗಾಳಿ ಆಡಲೆಂದು ಬೂಟಿಗೆ ಬಿಟ್ಟಿದ್ದ ತೂತುಗಳಲ್ಲೆಲ್ಲ ಎರಿ ತುಂಬಿತ್ತು. ಬದುವಿನ ಮೇಲೆ ಕೂತು ಕುರ್ಪಿಯಿಂದ ಕೆತ್ತುತ್ತಿದ್ದರೆ, ಹೊಲದ ಕಸ ಆರಿಸುತ್ತಿದ್ದ ದೊಡ್ಡವ್ವ ಅಂದಳು: "ಬರಿಗಾಲಲೆ ಓಡು ತಮ್ಮಾ. ಬೂಟು ಆಫೀಸಿಗೆ ಹಾಕ್ಕೊಳ್ಳಾಕ."

ಕಾರಹುಣ್ಣಿಮೆ ಬಂತು. ಎತ್ತುಗಳನ್ನು ಓಡಿಸಿ ಕರಿ ಹರಿಯುವ ಹಬ್ಬ. ಬಿಳಿ ಎತ್ತು ಮುಂದೆ ಬಂದರೆ ಜೋಳ, ಹತ್ತಿಯಂಥ ಬಿಳಿ ಬೆಳೆ. ಕೆಂದೆತ್ತು ಬಂದರೆ ಕೆಂಪು ಕಾಳು ಚೆನ್ನಾಗಿ ಆಗುತ್ತದೆಂದು ನಂಬಿಕೆ. ಅಂದೂ ನಾನು ಓಟ ತಪ್ಪಿಸಲಿಲ್ಲ. ಅಗಸಿಯ ಕಟ್ಟೆಯ ಮೇಲಿದ್ದ ಅಜ್ಜ ನನ್ನ ಗಿಳಿಹಸಿರು ಟೀ ಶರ್ಟನ್ನು ಕಣ್ಣು ಕಿರಿದು ಮಾಡಿ ನೋಡಿ, "ಈ ಬಣ್ಣದ ಬೆಳಿ ನಮ್ಮ ಭೂಮ್ಯಾಗ ಬರಂಗಿಲ್ಲ ಬಿಡು" ಎಂದುಬಿಟ್ಟ.

ಅಜ್ಜನ ತಕರಾರು ಅಲ್ಲಿಗೇ ನಿಲ್ಲಲಿಲ್ಲ. ಭೀಮಸೇನ ಜೋಶಿ ಸವಾಯಿ ಗಂಧರ್ವರಲ್ಲಿ ಕಲಿಯಲು ಕುಂದಗೋಳಕ್ಕೆ ಬಂದದ್ದು 1936ರಲ್ಲಿ, ಇನ್ನೂ ಮೀಸೆ ಮೂಡದ ಹುಡುಗನಾಗಿ. ಗುರುವಿನ ಮನೆಗೆ ಅವರು ನೀರು ಹೊತ್ತ ಕಥೆ ನಮ್ಮ ಕಡೆ ಎಲ್ಲರಿಗೂ ಬಾಯಿಪಾಠ. "ಭೀಮಣ್ಣ ಕೊಡ ಹೊತ್ತ. ಅವಂಗೂ ಕಸರತ್ತಾತು, ನಮಗೂ ಸಂಗೀತ ಸಿಕ್ತು. ನೀ ಬರಿಗೈಲೆ ಓಡಿದ್ರ ಯಾರಿಗೇನ್ ಸಿಕ್ತು?"

ಉತ್ತರ ಹೊಳೆಯಲಿಲ್ಲ. ಮರುದಿನದಿಂದ ಊರೇ ಉತ್ತರ ಹುಡುಕಿತು. ಹೊಲಕ್ಕೆ ಬುತ್ತಿ, ಬೆಳೆಗೆ ಹೊಡೆಯುವ ಎಣ್ಣೆಯ ಡಬ್ಬಿ, ಮರೆತು ಬಂದ ಮೊಬೈಲು: ಎಲ್ಲವೂ ನನ್ನ ಕೈಗೆ. "ಹೆಂಗೂ ಆ ಕಡೆ ಓಡಾಕತ್ತೀರಲ್ರಿ!"

ನಮ್ಮೂರು ಆಟಕ್ಕೆ ವಿರೋಧಿ ಎಂದು ತಿಳಿಯಬೇಡಿ. ಗರಡಿ ಇದೆ, ಕಬಡ್ಡಿ ಇದೆ, ಕ್ವಿಂಟಲ್ ಜೋಳದ ಚೀಲವನ್ನು ಹೆಗಲಿಗೇರಿಸುವ ಗಟ್ಟಿಗರಿದ್ದಾರೆ, ಜಾತ್ರೆಗೆ ಖಾಲಿ ಗಾಡಾ ಓಡಿಸುತ್ತಾರೆ. ಆದರೆ ಎದುರಾಳಿ ಬೇಕು, ಪಂಥ ಬೇಕು, ಸಿಳ್ಳೆ ಹೊಡೆಯುವವರು ಬೇಕು. ಮುಂಗೈಯಲ್ಲಿ ಗಡಿಯಾರ ಕಟ್ಟಿಕೊಂಡು, ಅದರಿಂದಲೇ ಶಭಾಸ್ ಅನ್ನಿಸಿಕೊಳ್ಳುವ ಆಟ ಇವರಿಗೆ ತಿಳಿಯದು. ನನಗೂ ಈಗೀಗ ಅಷ್ಟಕ್ಕಷ್ಟೇ.

ನಾಗರಪಂಚಮಿಗೆ ಹೆಣ್ಣುಮಕ್ಕಳಿಗೆ ಜೋಕಾಲಿ, ಗಂಡಸರಿಗೆ ಪಂಥ. ಲಿಂಬಿಹಣ್ಣು ಒಗೆಯುವುದು, ಬಿದ್ದಲ್ಲಿಂದ ಮತ್ತೆ ಒಗೆಯುವುದು. ಇಷ್ಟು ಒಗೆತದಲ್ಲಿ ಮುಂದಿನ ಊರು ಮುಟ್ಟಬೇಕು. ತೋಳಿನ ಕಸುವು ಬೇಕಾದಷ್ಟಿತ್ತು. ಹಸಿರು ಪೈರಿನಲ್ಲಿ ಬಿದ್ದ ಹಸಿರು ಹಣ್ಣಿಗೆ ಓಡಿ, ಜಾಗ ಹಿಡಿದು, ಕೈ ಎತ್ತುವವನು ಬೇಕಿತ್ತು. ಎಲ್ಲರೂ ನನ್ನ ಕಡೆ ತಿರುಗಿದರು. ಹನುಮಪ್ಪನ ಗುಡಿಯಿಂದ ಬೇರೆ ಊರಿನ ಸೀಮೆಯವರೆಗೆ, ಬೂಟು ಬಿಚ್ಚಿಟ್ಟು, ಹೆಸರಿನ ಸಾಲು ತುಳಿಯದಂತೆ ಜಿಗಿಯುತ್ತ ಓಡಿದೆ. ಹೊಲದ ಒಡೆಯರು ಬೈದರು, ಹುಡುಗರು ಸಿಳ್ಳೆ ಹೊಡೆದರು.

ಸೋತವರು ಮಿರ್ಚಿ, ಗಿರಮಿಟ್ ತರಿಸಿದರು. ಹಂಚುವ ಹುಡುಗ ನನ್ನ ಮುಂದೆ ಬಂದು ತಟ್ಟೆ ಹಿಂದಕ್ಕೆಳೆದುಕೊಂಡ.

"ಸಾಹೇಬ್ರು ಕರದದ್ದು ತಿನ್ನಂಗಿಲ್ಲ, ಡಯಟ್ಟು."

"ಯಾರಲೇ ಹೇಳಿದವ? ಕೊಡ ಇಲ್ಲೆ!"