ಸ್ತಬ್ಧಕಂಟಕ ಮೀಮಾಂಸೆ ಅಥವಾ ಏಳದ ಮುಳ್ಳುಗಳ ವಿಚಾರ

ಚಕ್ರಗಳು ಉರುಳುತ್ತಿದ್ದು, ಎಂಜಿನು ಗರ್ಜಿಸುತ್ತಿದ್ದು, ಹಿಂದಣ ಆಸನಗಳಲ್ಲಿ ಲಕ್ಷ್ಮೇಶ್ವರದ ಸಂತೆಗೆ ಹೊರಟವರ ಸಂಭಾಷಣೆ ಅವ್ಯಾಹತವಾಗಿ ಸಾಗುತ್ತಿದ್ದರೂ, ಚಾಲಕನ ಮುಂದಣ ಫಲಕದಲ್ಲಿ ಮಾತ್ರ ಮುಳ್ಳುಗಳೆಲ್ಲವೂ ಸಮಾಧಿಸ್ಥವಾಗಿರುವ ಅವಸ್ಥೆಗೆ ಶಾಸ್ತ್ರದಲ್ಲಿ ಸ್ತಬ್ಧಕಂಟಕತ್ವವೆಂದೂ, ಬೆಟಗೇರಿಯ ಗ್ಯಾರೇಜುಗಳಲ್ಲಿ ‘ಮೀಟರ್ ಸತ್ತಾವ್ರೀ’ ಎಂದೂ ವ್ಯವಹಾರವುಂಟು. ಈ ಪ್ರಬಂಧಕ್ಕೆ ಅಧಿಕರಣವಾದ ವಾಹನವು 1984ರಲ್ಲಿ ಮಾರುತಿ ವ್ಯಾನೆಂಬ ನಾಮಧೇಯದಿಂದ ಅವತರಿಸಿ, ಕೆಲವೇ ವರ್ಷಗಳಲ್ಲಿ ಓಮ್ನಿಯೆಂದು ಪುನರ್ನಾಮಕರಣ ಹೊಂದಿ, 2019ರಲ್ಲಿ ಕಾರ್ಖಾನೆಯ ಮಟ್ಟಿಗೆ ನಿರ್ವಾಣವನ್ನೈದಿದರೂ, ‘ಕೆಎ 26’ ಎಂಬ ಗದಗಿನ ಲಾಂಛನವನ್ನು ಧರಿಸಿ ಒಡೆಯನಿಂದ ಒಡೆಯನಿಗೆ ಜನ್ಮಾಂತರ ಹೊಂದುತ್ತಲೇ ಇರುವ, 796 ಸಿ.ಸಿ.ಯ, ಮೂರು ಸಿಲಿಂಡರಿನ ಆ ಹಳೆಯ ವ್ಯಾನೇ ಹೊರತು ಬೇರೆಯಲ್ಲ.

ಇಲ್ಲಿ ಪೂರ್ವಪಕ್ಷಿಯು ಏಳುತ್ತಾನೆ. ವೀರನಾರಾಯಣನ ಗುಡಿಯಲ್ಲಿ ಕುಳಿತು ಭಾರತವನ್ನು ಭಾಮಿನಿಯಲ್ಲಿ ಹಾಡಿದ ಕುಮಾರವ್ಯಾಸನೇ ಹಲಗೆಬಳಪಗಳ ಹಂಗಿಲ್ಲದೆ ಬರೆದೆನೆಂದು ಹೆಮ್ಮೆಪಟ್ಟಿರಲು, ಅದೇ ಗದುಗಿನ ಚಾಲಕನಿಗೆ ಮೀಟರಿನ ಹಂಗೇಕೆಂಬುದು ಅವನ ವಾದ. ಇದಕ್ಕೆ ಸಮಾಧಾನವೇನೆಂದರೆ, ಕವಿಗೆ ವೀರನಾರಾಯಣನ ಬೆಂಬಲವಿತ್ತು. ರೇಡಿಯೇಟರಿಗೆ ಹಾಗೆ ಹೊಣೆಯಾಗುವವರು ಯಾರೂ ಇಲ್ಲ. ಎಂಜಿನು ಮುಂದಿನ ಆಸನದ ಅಡಿಯಲ್ಲೇ ಇರುವುದರಿಂದ ಅದರ ತಾಪವನ್ನು ಚಾಲಕನು ಪ್ರತ್ಯಕ್ಷ ಪ್ರಮಾಣದಿಂದಲೇ, ಅದೂ ಶರೀರದ ಅತ್ಯಂತ ವಿಶ್ವಸನೀಯ ಭಾಗದಿಂದಲೇ, ಗ್ರಹಿಸಬಲ್ಲನೆಂಬುದು ದಿಟ. ಆದರೆ ಈ ಜ್ಞಾನವು ಉದಯಿಸುವ ವೇಳೆಗೆ ಹೆಡ್ ಗ್ಯಾಸ್ಕೆಟ್ಟು ಸುಟ್ಟುಹೋಗಿರುತ್ತದಾದ್ದರಿಂದ, ಜ್ಞಾನವು ಮೋಕ್ಷಕ್ಕೆ ಸಾಧನವೆಂಬ ಮಾತು ಇಲ್ಲಿ ಸಲ್ಲದು. ಮುಂಡರಗಿಯ ಕಡೆಯ ಹಿರಿಯ ಚಾಲಕರು ಪೆಟ್ರೋಲಿನ ಪ್ರಮಾಣವನ್ನರಿಯಲು ವ್ಯಾನನ್ನು ಹಿಡಿದು ಅಲುಗಾಡಿಸಿ ಟ್ಯಾಂಕಿನೊಳಗಣ ಕುಲುಕಾಟಕ್ಕೆ ಕಿವಿಗೊಡುವುದುಂಟು. ಶಬ್ದಪ್ರಮಾಣಕ್ಕೆ ಇಷ್ಟು ನಿಷ್ಠರಾದವರನ್ನು ನಾನು ಪಂಡಿತರಲ್ಲಿಯೂ ಕಂಡಿಲ್ಲ.

ಇನ್ನು ಸಿದ್ಧಾಂತ. ಒಂದೇ ಮುಳ್ಳು ಸತ್ತಿದ್ದರೆ ಆ ಮುಳ್ಳಿನ ವಂಶವನ್ನು ವಿಚಾರಿಸತಕ್ಕದ್ದು. ಪೆಟ್ರೋಲಿನದೂ ತಾಪದ್ದೂ ಜೊತೆಯಾಗಿ ಸತ್ತಿದ್ದರೆ ಅವೆರಡಕ್ಕೂ ಸಮಾನವಾದ ಕಾರಣವನ್ನು ಅರಸತಕ್ಕದ್ದು. ಇಷ್ಟು ಸರಳವಾದ ನ್ಯಾಯವನ್ನು ಉಲ್ಲಂಘಿಸಿ, ಎರಡು ಮುಳ್ಳು ಬಿದ್ದೊಡನೆ ಟ್ಯಾಂಕನ್ನೇ ಇಳಿಸಹೊರಡುವ ಪಂಥವೊಂದು ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳೆಂಬ ನಾಲ್ಕೂ ಊರುಗಳಲ್ಲಿ ವ್ಯಾಪಿಸಿದೆಯೆಂಬುದನ್ನು ಖೇದದಿಂದ ಹೇಳಬೇಕಾಗಿದೆ. ಸ್ಪೀಡೋಮೀಟರು ಮಾತ್ರ ಈ ಕುಲಕ್ಕೆ ಸೇರಿದುದಲ್ಲ. 1902ರಲ್ಲಿ ಜರ್ಮನಿಯ ಓಟ್ಟೋ ಶುಲ್ಟ್ಸನು ಹಕ್ಕುಪತ್ರ ಪಡೆದ ತತ್ತ್ವದಂತೆ, ಗೇರ್‌ಬಾಕ್ಸಿನಿಂದ ಬರುವ ಕೇಬಲು ಒಂದು ಅಯಸ್ಕಾಂತವನ್ನು ತಿರುಗಿಸಲು, ಅದನ್ನು ಮುಟ್ಟದೆಯೇ ಸುತ್ತುವರಿದ ಲೋಹದ ಬಟ್ಟಲು ಅದರೊಡನೆ ಸೆಳೆಯಲ್ಪಟ್ಟು, ಕೂದಲೆಳೆಯ ಸ್ಪ್ರಿಂಗು ತಡೆದಲ್ಲಿ ಮುಳ್ಳು ನಿಲ್ಲುತ್ತದೆ. ಇದಕ್ಕೆ ಬ್ಯಾಟರಿಯ ಋಣವಿಲ್ಲ. ಅದೂ ಉಳಿದವುಗಳೊಡನೆ ಒಂದೇ ದಿನ ಸತ್ತಿತೆಂದರೆ, ಯಾರೋ ಮೀಟರ್ ಬೋರ್ಡನ್ನು ಬಿಚ್ಚಿ ಕೇಬಲನ್ನು ಮರಳಿ ಒತ್ತಿ ಕೂರಿಸಲು ಮರೆತಿದ್ದಾರೆಂದು ಊಹಿಸುವುದೇ ಯುಕ್ತ.

ಬೆಟಗೇರಿಯ ಪಂಥವು ಫ್ಯೂಜ್‌ವಾದಿ. ಚಾವಿ ತಿರುಗಿಸಿದಾಗ, ಎಂಜಿನು ಏಳುವ ಮುನ್ನ, ಆಯಿಲಿನ ಮತ್ತು ಬ್ಯಾಟರಿಯ ಕೆಂಪು ದೀಪಗಳು ಹೊತ್ತಿದರೆ ಬೋರ್ಡಿಗೆ ಕರೆಂಟು ಬರುತ್ತಿದೆಯೆಂದೂ, ಅವೂ ಹೊತ್ತದಿದ್ದರೆ ಫ್ಯೂಜನ್ನು ನೋಡಬೇಕೆಂದೂ ಇವರ ಮತ. ಮತವು ನಿರ್ದುಷ್ಟ, ಆದರೆ ಸುಟ್ಟ ಫ್ಯೂಜಿನ ಸ್ಥಾನದಲ್ಲಿ ಸಿಗರೇಟಿನ ಬೇಗಡೆಯನ್ನು ಸುತ್ತಿ ಕೂರಿಸುವ ಆಚಾರವು, ಮುಳ್ಳಿನ ಜಾಗದಲ್ಲಿ ಇಡೀ ವೈರಿಂಗನ್ನೇ ಬಲಿಕೊಡುವುದರಿಂದ, ನಿಷಿದ್ಧ.

ಲಕ್ಷ್ಮೇಶ್ವರದವರು ಅರ್ಥಿಂಗ್‌ವಾದಿಗಳು, ಮತ್ತು ನನ್ನ ಒಲವೂ ಅವರ ಕಡೆಗೇ. ಪಂಪನು ತನ್ನ ಕಾವ್ಯಕ್ಕೆ ತಿರುಳನ್ನೊದಗಿಸಿತೆಂದು ಕೊಂಡಾಡಿದ ಇದೇ ಊರಿನ, ಅಂದರೆ ಪುಲಿಗೆರೆಯ, ಕನ್ನಡವು ಇಂದು ಎಂಜಿನಿನ ಮೇಲೆ ಬಾಗಿ ‘ಅರ್ಥ್ ಕಟ್ ಆಗೇತ್ರೀ ಅಣ್ಣಾರ’ ಎಂದು ನುಡಿಯುವಾಗ, ಅದರ ಸಂಕ್ಷೇಪಗುಣ ಅಂದಿಗಿಂತ ಕುಂದಿಲ್ಲವೆಂದು ತೋರುತ್ತದೆ. ಬ್ಯಾಟರಿಯಿಂದ ಹೊರಟ ಕರೆಂಟು ವ್ಯಾನಿನ ಮೈಯ ಮೂಲಕವೇ ಮರಳಬೇಕಾಗಿರಲು, ಬೋಲ್ಟಿನ ಬುಡದಲ್ಲಿ ತುಕ್ಕು ಕೂತು, ಅದರ ಮೇಲೆ ಎರೆಮಣ್ಣಿನ ಧೂಳು ಕೂತು, ಮಳೆಗಾಲದಲ್ಲಿ ಅವೆರಡೂ ಸೇರಿ ಗಾರೆಯಂತೆ ಗಟ್ಟಿಯಾದ ಮೇಲೆ, ಪಾಪ, ಅದು ಮರಳುವುದಾದರೂ ಹೇಗೆ? ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ಊರೂರಿಗೆ ಸಾಲುವಷ್ಟು ವಿದ್ಯುತ್ತನ್ನು ಹೆತ್ತುಹಾಕುತ್ತಿರುವಾಗ, ಅವುಗಳ ಕೆಳಗೇ ಸಾಗುವ ವ್ಯಾನಿನಲ್ಲಿ ಒಂದು ಮುಳ್ಳೆತ್ತಲು ವಿದ್ಯುತ್ತಿಲ್ಲ! ಹೆಡ್‌ಲೈಟು ಹಾಕಿದೊಡನೆ ಮುಳ್ಳುಗಳು ಬೆಚ್ಚಿ ಜಿಗಿದರೆ ಇದೇ ದೋಷವೆಂದು ಬಗೆಯಬಹುದು. ಬ್ಯಾಟರಿಯ ಮೈನಸ್ಸಿನಿಂದ ಬೇರೊಂದು ವೈರನ್ನು ಎಳೆದು ಬೋರ್ಡಿನ ಅರ್ಥಿಗೆ ತಾಗಿಸಿದಾಗ ಮುಳ್ಳುಗಳು ಎದ್ದವೋ, ಪಾಲಿಶ್ ಪೇಪರಿನಿಂದ ಬೋಲ್ಟಿನ ಬುಡವನ್ನು ಉಜ್ಜಿದಲ್ಲಿಗೆ ವ್ಯಾಜ್ಯ ಮುಗಿಯಿತು.

ಶಿರಹಟ್ಟಿಯು ಫಕೀರೇಶ್ವರ ಮಠದ ಊರಾದುದರಿಂದ ಅಲ್ಲಿ ಸಮನ್ವಯಕ್ಕೆ ಪ್ರಾಶಸ್ತ್ಯ: ಫ್ಯೂಜೂ ಹೋಗಿದೆ, ಅರ್ಥಿಂಗೂ ಹೋಗಿದೆ, ಎರಡರ ಮಜೂರಿಯನ್ನೂ ಕೊಡತಕ್ಕದ್ದು.

ಒಂಟಿ ಮುಳ್ಳಿನ ಪ್ರಕರಣದಲ್ಲಿ, ಎಂಜಿನಿನ ಸೆನ್ಸರಿಗೆ ಹೋಗುವ ವೈರನ್ನು ಕಿತ್ತು, ಚಾವಿ ಹಾಕಿ, ಕ್ಷಣಮಾತ್ರ ವ್ಯಾನಿನ ಮೈಗೆ ತಾಗಿಸಬೇಕು. ಮುಳ್ಳು ಸರ್ರನೆ ತುದಿಗೇರಿದರೆ ಮೀಟರೂ ವೈರೂ ನಿರಪರಾಧಿಗಳು, ಸೆನ್ಸರೇ ದೋಷಿ. ಪೆಟ್ರೋಲಿನ ಫ್ಲೋಟಿಗೂ ಇದೇ ಪರೀಕ್ಷೆಯಾದರೂ, ಟ್ಯಾಂಕಿನ ಬಾಯಲ್ಲಿ ಕಿಡಿ ಹಾರಿಸಿದ ಜಿಜ್ಞಾಸುವು ಫಲಿತಾಂಶವನ್ನು ಬರೆದಿಡಲು ಉಳಿಯುವುದಿಲ್ಲವಾದ್ದರಿಂದ, ದೂರದ ಕನೆಕ್ಟರಿನಲ್ಲಿ ನಡೆಸುವುದು ಕ್ಷೇಮ.

ಉಳಿದುದು ಕಿಲೋಮೀಟರುಗಳನ್ನೆಣಿಸುವ ಅಂಕಿಗಳ ವಿಷಯ. ಇವೂ ಅದೇ ಕೇಬಲಿನ ಆಶ್ರಿತರಾದುದರಿಂದ, ಕೇಬಲು ತುಂಡಾದ ದಿನವೇ ವ್ಯಾನಿಗೆ ವಯಸ್ಸಾಗುವುದು ನಿಲ್ಲುತ್ತದೆ. ಅನಂತರ ಅದು ಮುಂಡರಗಿಗೆ ಎಷ್ಟು ಬಾರಿ ಹೋಗಿಬಂದರೂ ಚಿರಯೌವನಕ್ಕೆ ಕುಂದಿಲ್ಲ. ಮಾರುವವನು ‘ಮೀಟರ್ ನೋಡ್ರೀ, ಓಡಿದ್ದು ಭಾಳ ಕಡಿಮಿ’ ಎಂದಾಗ ಅವನನ್ನು ಮಿಥ್ಯಾವಾದಿಯೆನ್ನಲಾಗದು. ಮೀಟರು ಓಡಿದ್ದು ನಿಜವಾಗಿಯೂ ಕಡಿಮೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಸ್ಪೀಡೋಮೀಟರನ್ನು ಕಡ್ಡಾಯಗೊಳಿಸಿರುವುದರಿಂದಲೂ, 15 ವರ್ಷ ತುಂಬಿದ ಗಾಡಿಯನ್ನು ನವೀಕರಣಕ್ಕಾಗಿ ಅಧಿಕಾರಿಗಳ ಮುಂದೆ ನಿಲ್ಲಿಸಬೇಕಾಗಿರುವುದರಿಂದಲೂ ಹೊಸ ಕೇಬಲಿಗೆ ಯಾರೂ ಬಹಿರಂಗವಾಗಿ ವಿರೋಧ ಹೇಳರು. ಆದರೂ ಅನುಭವಸ್ಥನಾದ ಮಿಸ್ತ್ರಿಯು ಪಾನಾಕ್ಕೆ ಕೈಹಾಕುವ ಮುನ್ನ ತಲೆಯೆತ್ತಿ ಒಂದು ಪ್ರಶ್ನೆ ಕೇಳುತ್ತಾನೆ: ‘ಗಾಡಿ ನೀವ ಇಟ್ಕೊಳ್ಳಾವರೋ, ಮಾರಾವರೋ? ಅದನ್ನ ಮೊದ್ಲ ಹೇಳ್ರಿ.’