ಲ್ಯಾಮಿನೇಷನ್ ಆದ ಹಳೇ ಚೀಟಿಯವರಿಗೊಂದು ಬಹಿರಂಗ ಪತ್ರ

ಮಾನ್ಯ ಹಳೇ ಚೀಟಿಯವರಿಗೆ, ಚಿಕ್ಕಮಗಳೂರು, ಮೂಡಿಗೆರೆ, ಕಳಸ ಸೀಮೆಯ ನಿದ್ದೆಗೆಟ್ಟವರೆಲ್ಲರ ನಮಸ್ಕಾರಗಳು.

ಡಾಕ್ಟರು ನಿದ್ದೆ ಮಾತ್ರೆಗೆಂದು ತಮ್ಮನ್ನು ಬರೆದದ್ದು ಹತ್ತೇ ದಿನಕ್ಕೆ. ಆ ವರ್ಷ ಕಾಫಿ ಹೂವರಳಿಸುವ ಹೂಮಳೆ ಕೈಕೊಟ್ಟು ತೋಟದ ಸಾಹುಕಾರರಿಗೆ ನಿದ್ದೆ ಹತ್ತಿರಲಿಲ್ಲ. ಆಮೇಲೆ ಹೂಮಳೆ ಎಷ್ಟೋ ಸಲ ಬಂತು, ಕಾಫಿ ರೇಟು ಏರಿತು, ಇಳಿಯಿತು. ತಾವು ಮಾತ್ರ ನಿವೃತ್ತರಾಗಲಿಲ್ಲ. ಮಡಿಕೆ ಹರಿಯುತ್ತಿದೆಯೆಂದು ಪ್ಲಾಸ್ಟಿಕ್ ಹೊದಿಸಿದರು. ಈಗ ಸಾಹುಕಾರರಿಗೂ ಅವರ ಅತ್ತಿಗೆಗೂ ತೋಟದ ರೈಟರಿಗೂ ತಾವೇ ಡಾಕ್ಟರು.

ತಮ್ಮ ಮಾತ್ರೆಯ ಮನೆತನ ಸಾಮಾನ್ಯದ್ದಲ್ಲ. ರಸಾಯನ ವಿಜ್ಞಾನಿ ಲಿಯೋ ಸ್ಟರ್ನ್‌ಬಾಕ್ ಕಂಡುಹಿಡಿದ ಲಿಬ್ರಿಯಂ 1960ರಲ್ಲಿ, ವ್ಯಾಲಿಯಂ (ಅಂದರೆ ಡಯಾಜೆಪಾಮ್) 1963ರಲ್ಲಿ ಮಾರುಕಟ್ಟೆಗೆ ಬಂದವು. ಅಲ್ಪ್ರಜೋಲಂ, ಲೊರಾಜೆಪಾಮ್ ಅದೇ ಕುಲದವು. ಫಿಟ್ಸ್ ನಿಲ್ಲಿಸಲು, ಕುಡಿತ ಬಿಡಿಸುವಾಗಿನ ನಡುಕ ತಡೆಯಲು ಇವು ಬೇಕೇ ಬೇಕು. ತಕರಾರಿರುವುದು ನಿದ್ದೆಗೆಂದು ಎರಡು ಮೂರು ವಾರಕ್ಕೆ ಬಂದ ನೆಂಟರು ಅಲ್ಲೇ ಮನೆ ಕಟ್ಟಿಕೊಂಡದ್ದಕ್ಕೆ.

ಸರ್ಕಾರ ಸುಮ್ಮನಿಲ್ಲ. ಅಲ್ಪ್ರಜೋಲಂ, ಡಯಾಜೆಪಾಮ್‌ಗಳು 2014ರ ಮಾರ್ಚ್ 1ರಿಂದ ಶೆಡ್ಯೂಲ್ ಎಚ್1ರಲ್ಲಿವೆ. ಮೆಡಿಕಲ್‌ನವರು ಡಾಕ್ಟರ, ರೋಗಿಯ, ಮಾತ್ರೆಯ ಹೆಸರನ್ನು ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಬರೆಯುತ್ತಾರೆ, ತಮ್ಮ ಕೃಪೆಯಿಂದ ತಿಂಗಳು ತಿಂಗಳೂ ಅದೇ ಡಾಕ್ಟರ ಹೆಸರು. ಆ ಡಾಕ್ಟರಿಗೆ ವರ್ಗವಾಗಿ ಯಾವ ಕಾಲವಾಯಿತೋ!

ಇನ್ನು ದಿನಚರಿ. ಸಂಜೆ ಆರಕ್ಕೆ ಸ್ವಂತ ತೋಟದ್ದೇ ಸ್ಟ್ರಾಂಗ್ ಕಾಫಿ. ಅದರ ಕೆಫೀನಿನಲ್ಲಿ ಅರ್ಧದಷ್ಟು ರಾತ್ರಿ ಹನ್ನೊಂದಕ್ಕೂ ಮೈಯಲ್ಲೇ ಇರುತ್ತದೆ. ಒಂಬತ್ತಕ್ಕೆ ಎರಡು ಪೆಗ್. ಹತ್ತಕ್ಕೆ ತಾವು. ಎಬ್ಬಿಸುವವನನ್ನೂ ಮಲಗಿಸುವವರನ್ನೂ ಒಂದೇ ಹೊಟ್ಟೆಗೆ ಕಳಿಸಿ, ‘ಅರ್ಧ ಮಾತ್ರೆ ಸಾಲ್ತಿಲ್ಲ ಮಾರಾಯ’ ಎಂಬ ದೂರು ಬೇರೆ. ಹೆಂಡ ಮತ್ತು ಈ ಮಾತ್ರೆ ಸೇರಿದರೆ ಉಸಿರೇ ಕುಗ್ಗಿ ನಿಂತೀತು. ಸೊಂಟನೋವಿಗೆ ಟ್ರಮಡಾಲ್ ಕೂಡ ನುಂಗುವವರಿಗೂ ಅದೇ ಅಪಾಯ.

ಬೆಳಗಾದರೂ ತಮ್ಮ ಡ್ಯೂಟಿ ಮುಗಿದಿರುವುದಿಲ್ಲ. ಡಯಾಜೆಪಾಮ್ ಮೈಯಲ್ಲಿ ದಿನಗಟ್ಟಲೆ ಉಳಿಯುತ್ತದೆ, ವಯಸ್ಸಾದವರಲ್ಲಿ ಇನ್ನೂ ಹೆಚ್ಚು. ಅಜ್ಜಿ ನಡುರಾತ್ರಿ ಬಚ್ಚಲಿಗೆ ಎದ್ದು ಜೋಲಿ ಹೊಡೆದು ಸೊಂಟ ಮುರಿದುಕೊಂಡರೆ ಬೈಗುಳ ಹೊಸ ಟೈಲ್ಸಿಗೆ. ಮಗ ಮಂಪರಿನಲ್ಲೇ ಜೀಪು ಹತ್ತಿ, ಮಂಜು ಕವಿದ ಚಾರ್ಮಾಡಿ ಘಾಟಿ ಇಳಿಯಲು ಹೊರಡುತ್ತಾನೆ. ಕೊಟ್ಟಿಗೆಹಾರದಲ್ಲಿ ನಾಲ್ಕು ನೀರುದೋಸೆ ತಿಂದರೆ ಎಲ್ಲ ಸರಿಹೋಗುತ್ತದೆಂಬ ಧೈರ್ಯ.

ತಮ್ಮ ವಿರೋಧಿಗಳದ್ದೂ ಅತಿರೇಕವೇ. ಬೆಂಗಳೂರಿನಿಂದ ಬಂದ ಅಳಿಯ ಮೊಬೈಲಿನಲ್ಲಿ ಏನನ್ನೋ ಓದಿ, ಇದ್ದ ಸ್ಟ್ರಿಪ್ಪನ್ನೆಲ್ಲ ಬಚ್ಚಲೊಲೆಗೆ ಹಾಕುತ್ತಾನೆ. ವರ್ಷಗಟ್ಟಲೆ ನುಂಗಿದವರು ಒಮ್ಮೆಲೇ ಬಿಟ್ಟರೆ ಕೈನಡುಕ, ವಿಪರೀತ ಗಾಬರಿ, ಫಿಟ್ಸ್ ಬರಬಹುದು, ಪ್ರಾಣವೂ ಹೋಗಬಹುದು. ಅಮೆರಿಕದ ಎಫ್‌ಡಿಎ 2020ರಲ್ಲಿ ಈ ಮಾತ್ರೆಗಳ ಚಟ ಮತ್ತು ಬಿಡುವಾಗಿನ ತೊಂದರೆಗಳ ಬಗ್ಗೆ ತನ್ನ ಅತ್ಯಂತ ಕಠಿಣ ಎಚ್ಚರಿಕೆಯನ್ನೇ ಹಾಕಿಸಿತು. ಡಾಕ್ಟರು ವಾರ, ತಿಂಗಳುಗಳ ಲೆಕ್ಕದಲ್ಲಿ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಅಳಿಯಂದಿರಿಗೆ ಅಷ್ಟು ರಜೆ ಇರುವುದಿಲ್ಲ.

ಆದ್ದರಿಂದ ವಿನಂತಿ: ಮನೋಚೈತನ್ಯ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆಯಿದೆ. ಸಾಹುಕಾರರ ಜೇಬಿನಲ್ಲಿ ಕೂತು ಅಲ್ಲಿಗೆ ಬನ್ನಿ, ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಜೊತೆಗೆ ಕರೆತನ್ನಿ. ಅಲ್ಲಿಯವರೆಗೆ ಮಾತಾಡಬೇಕೆನಿಸಿದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಫೋನ್ ಮಾಡಬಹುದು, ಕಾಸು ಬೇಕಿಲ್ಲ.

ಇಂತಿ,
ಕಾಫಿ ಸೀಮೆಯ ನಿದ್ದೆಗೆಟ್ಟವರು

ವಿ.ಸೂ.: ಹೊರಡುವ ಮುಂಚೆ ತಮ್ಮ ಫೋಟೊ ತೆಗೆದು ಮಂಗಳೂರಿನ ಚಿಕ್ಕಮ್ಮನಿಗೆ ವಾಟ್ಸಾಪ್ ಮಾಡಲು ಅವಕಾಶ ಕೊಡಬಾರದು. ಅವರೂ ಕೇಳುತ್ತಿದ್ದಾರೆ.